ಗಾಳಿಯ ಮೇಲೆ ಉರುಳಿದ ಗಾಲಿ: ಜಾನ್ ಬಾಯ್ಡ್ ಡನ್‌ಲಪ್

ವ್ಯಕ್ತಿಯ ಹೆಸರು ವಸ್ತುವಿಗೆ ಅಂಟಿಕೊಂಡು ವ್ಯಕ್ತಿಯೇ ಮರೆತುಹೋಗುವುದು ಲೋಕದಲ್ಲಿ ಉಂಟು. ನಮ್ಮ ಮನೆಗಳಲ್ಲಿ ಮೆತ್ತನೆಯ ರಬ್ಬರು ಹಾಸಿಗೆಗೆ ಡನ್‌ಲಪ್ ಹಾಸಿಗೆ ಎನ್ನುವ ರೂಢಿ ಬಹುಕಾಲ ಇದ್ದಿತು. ಉತ್ತರ ಹಿಂದೂಸ್ಥಾನದ ಕೆಲವು ಸೀಮೆಗಳಲ್ಲಿ ರಬ್ಬರು ಗಾಲಿಯ ಎತ್ತಿನ ಗಾಡಿಗೇ ಡನ್‌ಲಪ್ ಎಂದು ಹೆಸರು. ಹಾಸಿಗೆಯ ಮೇಲೆ ಮಲಗುವವರಾಗಲಿ, ಗಾಡಿ ಹೊಡೆಯುವವರಾಗಲಿ, ಆ ಹೆಸರಿನ ಹಿಂದೆ ದನಕುದುರೆಗಳ ವೈದ್ಯನೊಬ್ಬನಿದ್ದನೆಂಬುದನ್ನು ನೆನೆಯುವುದಿಲ್ಲ. ಹಾಸಿಗೆಯ ವಿಷಯದಲ್ಲಂತೂ ನೆನೆಯಬೇಕಾದ ಕಾರಣವೂ ಇಲ್ಲವೆನ್ನಿ. ಆ ನೊರೆರಬ್ಬರು ಹುಟ್ಟಿದ್ದು ಆತನು ತೀರಿಕೊಂಡ ಎಂಟು ವರ್ಷಗಳ ಮೇಲೆ, 1929ರಲ್ಲಿ, ಆತನ ಹೆಸರಿನ ಕಂಪೆನಿಯ ಪ್ರಯೋಗಶಾಲೆಯಲ್ಲಿ. ಆ ಕಂಪೆನಿಯೊಡನೆ ಆತನು ಸಂಬಂಧ ಕಡಿದುಕೊಂಡು ಆ ವೇಳೆಗೆ ಮೂವತ್ತಕ್ಕೂ ಮಿಕ್ಕಿ ವರ್ಷಗಳಾಗಿದ್ದುವು. ಆದರೆ ಗಾಲಿಯ ಮಾತು ಬೇರೆ. ಗಾಲಿಯ ಅಂಚಿಗೆ ಏನನ್ನು ತೊಡಿಸಬೇಕು, ತೊಡಿಸಿದ್ದು ಹಗುರವಾಗಿ ಉರುಳುವುದೇ, ನೆಲವನ್ನು ಬಿಗಿಯಾಗಿ ಹಿಡಿಯುವುದೇ, ಎಷ್ಟು ದಿನ ಸವೆಯದೆ ಬಾಳುವುದು ಎಂಬ ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಬರಿಯ ತರ್ಕದಿಂದ ಹೇಳದೆ ಗಾಲಿಯನ್ನೇ ಉರುಳಿಸಿ ನೋಡಿದವರಲ್ಲಿ ಆತನೊಬ್ಬನು. ಆತನ ಜೀವನದ ಸಾರವೆಲ್ಲ ಆ ಪರೀಕ್ಷೆಯಲ್ಲಿಯೂ, ಅದರಿಂದ ಬಂದ ಕೀರ್ತಿಯಲ್ಲಿಯೂ, ಆ ಕೀರ್ತಿಗೆ ಬಿದ್ದ ಪೆಟ್ಟಿನಲ್ಲಿಯೂ ಅಡಗಿದೆ.

ಜಾನ್ ಬಾಯ್ಡ್ ಡನ್‌ಲಪ್ಪನು 1840ನೆಯ ಇಸವಿಯ ಫೆಬ್ರವರಿ 5ರಂದು ಸ್ಕಾಟ್ಲೆಂಡಿನ ಏರ್‌ಷೈರ್ ಪ್ರಾಂತದ ಡ್ರೆಗಾರ್ನ್ ಎಂಬ ಹಳ್ಳಿಯಲ್ಲಿ, ಒಕ್ಕಲುತನದ ಮನೆಯಲ್ಲಿ ಜನಿಸಿದನು. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವೆಂದು ತಂದೆತಾಯಿಗಳು ಆತನಿಗೆ ಹೇಳಿದ್ದರು. ಆ ಮಾತು ಮನಸ್ಸಿನಲ್ಲಿ ಎಷ್ಟು ಆಳವಾಗಿ ಬೇರೂರಿತೆಂದರೆ, ತನ್ನ ದೇಹ ಬಹಳ ನಾಜೂಕಿನದೆಂದು ಭಾವಿಸಿ ಆತನು ಬಾಳಿನುದ್ದಕ್ಕೂ ಮೈಯನ್ನು ಜೋಪಾನ ಮಾಡಿಕೊಂಡು ನಡೆದನು. ಆದರೂ ಎಂಬತ್ತೊಂದನೆಯ ವಯಸ್ಸಿನವರೆಗೆ ಹೇಳಿಕೊಳ್ಳುವಂಥ ಕಾಯಿಲೆಯೊಂದೂ ಆತನ ಹತ್ತಿರ ಸುಳಿಯಲಿಲ್ಲ. ಎಡಿನ್‌ಬರೊ ನಗರದ ಪಶುವೈದ್ಯ ಶಾಲೆಯಲ್ಲಿ ಓದಿ, ಹತ್ತೊಂಬತ್ತರ ಹರೆಯದಲ್ಲಿಯೇ ಪಶುವೈದ್ಯನೆಂದು ತೇರ್ಗಡೆ ಹೊಂದಿದನು. ಅಲ್ಲಿಯೇ ಕೆಲವು ವರ್ಷ ವೃತ್ತಿ ನಡೆಸಿ, 1867ರಲ್ಲಿ ಕಡಲು ದಾಟಿ ಐರ್ಲೆಂಡಿಗೆ ಹೋದನು. ಮೊದಲು ಡೌನ್‌ಪ್ಯಾಟ್ರಿಕ್‌ನಲ್ಲಿ ತಮ್ಮನಾದ ಜೇಮ್ಸನೊಡನೆ ಚಿಕಿತ್ಸಾಲಯ, ಆಮೇಲೆ ಬೆಲ್‌ಫಾಸ್ಟ್ ನಗರದಲ್ಲಿ ಸ್ವಂತ ಚಿಕಿತ್ಸಾಲಯ. 1871ರಲ್ಲಿ ಮಾರ್ಗರೆಟ್ ಸ್ಟೀವನ್‌ಸನ್ ಎಂಬಾಕೆಯನ್ನು ಮದುವೆಯಾದನು. ಒಬ್ಬ ಮಗಳು, ಒಬ್ಬ ಮಗ. 1880ರ ದಶಕದ ನಡುವಿಗೆ ಬರುವಷ್ಟರಲ್ಲಿ ಆತನ ಚಿಕಿತ್ಸಾಲಯವು ಐರ್ಲೆಂಡಿನ ದೊಡ್ಡ ಪಶುಚಿಕಿತ್ಸಾಲಯಗಳಲ್ಲಿ ಒಂದಾಗಿದ್ದಿತು. ಕುದುರೆಗಳಿಗೆ ಲಾಳ ಕಟ್ಟುವುದಕ್ಕೇ ಹನ್ನೆರಡು ಮಂದಿ ಆಳುಗಳು ಅಲ್ಲಿ ದುಡಿಯುತ್ತಿದ್ದರು.

ಈ ಲಾಳದ ಸಂಗತಿಯನ್ನು ಜೀವನಚರಿತ್ರೆ ಬರೆಯುವವರು ಸಾಮಾನ್ಯವಾಗಿ ಒಂದು ವಾಕ್ಯದಲ್ಲಿ ಹೇಳಿ ದಾಟಿಬಿಡುತ್ತಾರೆ. ನನಗೆ ಅದು ಅಷ್ಟು ಹಗುರವಾಗಿ ಬಿಡತಕ್ಕ ವಿಷಯವೆಂದು ತೋರುವುದಿಲ್ಲ. ಬೆಲ್‌ಫಾಸ್ಟಿನ ಬೀದಿಗಳಿಗೆ ಕಗ್ಗಲ್ಲಿನ ಚೌಕಗಳನ್ನು ಹಾಸಿದ್ದರು. ನಡುವೆ ಟ್ರಾಮಿನ ಹಳಿಗಳು ಬೇರೆ. ಮಳೆ ಬಿದ್ದ ದಿನ ಆ ಕಲ್ಲಿನ ಮೇಲೆ ಕುದುರೆ ಕಾಲು ಜಾರಿ ಬೀಳುತ್ತದೆ. ಒಣಗಿದ ದಿನ ಅದೇ ಕಲ್ಲು ಲಾಳವನ್ನು ತೇದುಹಾಕುತ್ತದೆ. ಲಾಳವನ್ನು ಮೆದುವಾಗಿ ಮಾಡಿದರೆ ಬೇಗ ಸವೆಯುತ್ತದೆ, ಗಡುಸಾಗಿ ಮಾಡಿದರೆ ಜಾರುತ್ತದೆ. ಇಪ್ಪತ್ತು ವರ್ಷ ಕುದುರೆಯ ಕಾಲನ್ನು ಎತ್ತಿ ನೋಡಿದ ವೈದ್ಯನಿಗೆ ಹಿಡಿತ ಮತ್ತು ಸವೆತಗಳ ಈ ಜಗಳ ಪುಸ್ತಕದಿಂದ ತಿಳಿಯಬೇಕಾದುದಾಗಿರಲಿಲ್ಲ. ಮೇಲಾಗಿ, ತನಗೆ ಬೇಕಾದ ಸಣ್ಣಪುಟ್ಟ ವೈದ್ಯೋಪಕರಣಗಳನ್ನು ತಾನೇ ಮಾಡಿಕೊಳ್ಳುವ ಕೈಗುಣ ಆತನಲ್ಲಿದ್ದಿತು. ರಬ್ಬರನ್ನು ಕತ್ತರಿಸುವುದು, ಅಂಟಿಸುವುದು ಆತನಿಗೆ ಹೊಸದಲ್ಲ.

ಆಗಿನ ಗಾಲಿಗಳು ಎರಡು ಬಗೆ. ಗಾಡಿಗಳಿಗೆ ಕಬ್ಬಿಣದ ಪಟ್ಟೆ; ನಮ್ಮ ಹಳ್ಳಿಯ ಎತ್ತಿನ ಗಾಡಿಗೆ ಇರುತ್ತಿದ್ದಂತೆಯೇ. ಬೈಸಿಕಲ್ಲು, ಟ್ರೈಸಿಕಲ್ಲುಗಳಿಗೆ ಗಟ್ಟಿ ರಬ್ಬರಿನ ಬಳೆ. ಈ ಗಟ್ಟಿ ರಬ್ಬರು ಕಬ್ಬಿಣಕ್ಕಿಂತ ಮೇಲು, ಸದ್ದು ಕಡಿಮೆ. ಆದರೆ ಕಲ್ಲಿನಿಂದ ಕಲ್ಲಿಗೆ ನೆಗೆಯುವಾಗ ಸವಾರನ ಬೆನ್ನುಮೂಳೆಗೆ ಬೀಳುವ ಪೆಟ್ಟು ತಪ್ಪುತ್ತಿರಲಿಲ್ಲ. ಡನ್‌ಲಪ್ಪನ ಚಿಕ್ಕ ಮಗನ ಬಳಿ ಒಂದು ಮೂರುಗಾಲಿಯ ಬಂಡಿ ಇದ್ದಿತು. ಕಲ್ಲು ಹಾಸಿದ ಬೀದಿಯಲ್ಲಿ ಅದನ್ನು ತುಳಿಯುವ ಹುಡುಗನ ಕಷ್ಟವನ್ನು ಕಂಡು, 1887ರ ಅಕ್ಟೋಬರಿನ ಹೊತ್ತಿಗೆ ತಂದೆಯು ಉಪಾಯವನ್ನು ಹುಡುಕತೊಡಗಿದನು.

ಮೊದಲು ಮರದ ಹಲಗೆಯೊಂದನ್ನು ದುಂಡಗೆ ಕತ್ತರಿಸಿದನು. ತೆಳ್ಳನೆಯ ರಬ್ಬರು ಹಾಳೆಯನ್ನು ಅಂಟಿಸಿ ನಳಿಕೆ ಮಾಡಿ ಹಲಗೆಯ ಸುತ್ತ ಸುತ್ತಿದನು. ಗಾಳಿ ತುಂಬಿದಾಗ ನಳಿಕೆ ಉಬ್ಬಿ ಒಡೆಯದಂತೆ ಮೇಲೆ ಲಿನನ್ ಬಟ್ಟೆಯನ್ನು ಬಿಗಿದು, ಅದರ ಅಂಚುಗಳನ್ನು ಹಲಗೆಗೆ ಮೊಳೆಯಿಂದ ಜಡಿದನು. ಚೆಂಡಿಗೆ ಗಾಳಿ ತುಂಬುವ ಪಂಪೇ ಇದಕ್ಕೂ ಪಂಪು. ಇಷ್ಟಾದಮೇಲೆ ಮಗನ ಬಂಡಿಯಿಂದ ಗಟ್ಟಿ ರಬ್ಬರಿನ ಗಾಲಿಯೊಂದನ್ನು ಬಿಚ್ಚಿ ತಂದು, ಎರಡನ್ನೂ ಒಂದಾದಮೇಲೊಂದರಂತೆ ಅಂಗಳದಲ್ಲಿ ಉರುಳಿಸಿದನು. ಗಟ್ಟಿ ಗಾಲಿಯು ಅಂಗಳದ ಕೊನೆ ಮುಟ್ಟುವ ಮೊದಲೇ ಓಲಾಡಿ ಬಿದ್ದಿತು. ಗಾಳಿ ತುಂಬಿದ ಹಲಗೆಯು ಅಂಗಳವನ್ನೆಲ್ಲ ದಾಟಿ ಆಚೆಯ ಬಾಗಿಲ ಕಂಬಕ್ಕೆ ಹೊಡೆದು ಹಿಂದಕ್ಕೆ ಪುಟಿಯಿತು.

ಈ ದೃಶ್ಯವು ಮನಸ್ಸನ್ನು ಸೆಳೆಯುವಂಥದೇ ಸರಿ. ಆದರೆ ವಿಜ್ಞಾನದ ವಿದ್ಯಾರ್ಥಿಯು ಇಲ್ಲಿ ಕೊಂಚ ನಿಲ್ಲಬೇಕು. ಎರಡು ಗಾಲಿಗಳ ಅಳತೆ ಒಂದೇ ಅಲ್ಲ, ತೂಕವೂ ಒಂದೇ ಅಲ್ಲ. ಒಂದು ಹಲಗೆ, ಇನ್ನೊಂದು ಕಡ್ಡಿಗಳ ಚಕ್ರ. ತಳ್ಳಿದ್ದು ಕೈಯಿಂದ, ಕೈಯ ಬಲ ಪ್ರತಿ ಸಲವೂ ಒಂದೇ ಸಮನಾಗಿರುವುದೆಂದು ಯಾರು ಹೇಳಬಲ್ಲರು? ಹೆಚ್ಚು ಭಾರದ ಗಾಲಿ ಹೆಚ್ಚು ದೂರ ಉರುಳಿದರೆ ಆಶ್ಚರ್ಯವೇನು? ಮೇಲೆ ಸವಾರನ ಭಾರವೂ ಇರಲಿಲ್ಲ. ಹೀಗೆ ನೋಡಿದರೆ ಅಂಗಳದ ಈ ಪ್ರಯೋಗವು ಸಿದ್ಧಾಂತವನ್ನು ಸ್ಥಾಪಿಸುವಷ್ಟು ಬಲವಾದುದಲ್ಲ. ಅದು ಮಾಡಿದ ಉಪಕಾರ ಬೇರೆ: ಮೆತ್ತಗಿರುವುದು ಮಂದವಾಗಿಯೇ ಓಡಬೇಕೆಂಬ ಜನರ ನಂಬಿಕೆಯನ್ನು ಅದು ಒಂದೇ ಏಟಿಗೆ ಸಂಶಯಕ್ಕೆ ಒಡ್ಡಿತು. ಗಟ್ಟಿ ಗಾಲಿಯು ಸಣ್ಣ ಕಲ್ಲನ್ನು ಏರಬೇಕಾದರೆ ಮೇಲಿನ ಭಾರವನ್ನೆಲ್ಲ ಎತ್ತಬೇಕು. ಎತ್ತಿದ್ದು ಕೆಳಗೆ ಬೀಳುವಾಗ ಆ ಶಕ್ತಿಯು ಪೆಟ್ಟಾಗಿ, ಸದ್ದಾಗಿ ವ್ಯರ್ಥವಾಗುತ್ತದೆ. ಗಾಳಿಯ ಗಾಲಿಯು ಕಲ್ಲನ್ನು ತನ್ನೊಳಕ್ಕೆ ನುಂಗಿಕೊಂಡು ದಾಟುತ್ತದೆ. ಮೇಲಿನ ಭಾರಕ್ಕೆ ಆ ಸುದ್ದಿಯೇ ತಿಳಿಯುವುದಿಲ್ಲ. ಡನ್‌ಲಪ್ಪನು ಅಂಗಳದ ಪರೀಕ್ಷೆಗೆ ತೃಪ್ತನಾಗಿ ಕೂತುಕೊಳ್ಳಲಿಲ್ಲವೆಂಬುದೇ ಆತನ ಹೆಚ್ಚುಗಾರಿಕೆ. ಬಂಡಿಯ ಎರಡು ಹಿಂದಿನ ಗಾಲಿಗಳಿಗೆ ಗಾಳಿಯ ಟೈರುಗಳನ್ನು ತೊಡಿಸಿ, 1888ರ ಆರಂಭದಲ್ಲಿ ಒಂದು ಬೆಳುದಿಂಗಳ ರಾತ್ರಿ, ಬೀದಿಯಲ್ಲಿ ಜನಸಂಚಾರ ನಿಂತಮೇಲೆ, ಮಗನನ್ನು ಸವಾರಿಗೆ ಕಳುಹಿಸಿದನು. ಹುಡುಗನು ಹಿಂದಿರುಗಿದಮೇಲೆ ನೋಡಿದ್ದು ಆತನ ಸಂತೋಷವನ್ನಷ್ಟೇ ಅಲ್ಲ, ಟೈರಿನ ಮೈಯನ್ನು: ಕಲ್ಲು ಕೊಯ್ದಿದೆಯೇ, ಗೀರು ಬಿದ್ದಿದೆಯೇ ಎಂದು. ಹಗುರವಾಗಿ ಓಡಿದರೆ ಸಾಲದು, ಬಾಳಬೇಕು.

ಬಾಳುವ ಪ್ರಶ್ನೆಯು ರಬ್ಬರಿನ ಸಂಸ್ಕಾರಕ್ಕೆ ಸಂಬಂಧಿಸಿದ್ದು. ಮರದಿಂದ ಇಳಿದ ಹಸಿ ರಬ್ಬರು ಬೇಸಿಗೆಯಲ್ಲಿ ಅಂಟಾಗುತ್ತದೆ, ಚಳಿಯಲ್ಲಿ ಬಿರುಸಾಗಿ ಒಡೆಯುತ್ತದೆ. ಅದರಿಂದ ಗಾಲಿ ಮಾಡುವುದು ಕನಸಿನ ಮಾತು. ಅಮೆರಿಕದ ಚಾರ್ಲ್ಸ್ ಗುಡ್‌ಇಯರನು 1839ರಲ್ಲಿ ರಬ್ಬರಿಗೆ ಗಂಧಕವನ್ನು ಸೇರಿಸಿ ಕಾಯಿಸಿದರೆ ಈ ಎರಡು ದೋಷಗಳೂ ಹೋಗುವುವೆಂದು ಕಂಡುಕೊಂಡನು. ಇಂಗ್ಲೆಂಡಿನಲ್ಲಿ ಥಾಮಸ್ ಹ್ಯಾಂಕಾಕನು 1843ರಲ್ಲಿ ಅದೇ ಕ್ರಮಕ್ಕೆ ಹಕ್ಕುಪತ್ರ ಬೇಡಿದನು. ಗಂಧಕ ಸ್ವಲ್ಪವಿದ್ದರೆ ರಬ್ಬರು ಎಳೆದಂತೆ ಎಳೆದು ಬಿಟ್ಟಂತೆ ಹಿಂದಿರುಗುತ್ತದೆ. ಮೂರರಲ್ಲೊಂದು ಪಾಲು ಆಗುವಷ್ಟು ಸುರಿದರೆ ಕಲ್ಲಿನಂಥ ಎಬೊನೈಟ್ ಆಗುತ್ತದೆ. ಈ ಎರಡು ತುದಿಗಳ ನಡುವೆ ಎಲ್ಲಿ ನಿಲ್ಲಬೇಕೆಂಬುದೇ ಟೈರು ಮಾಡುವವನ ತಲೆನೋವು, ಅಂದಿಗೂ ಇಂದಿಗೂ.

1888ರ ಜುಲೈ 23ರಂದು ಡನ್‌ಲಪ್ಪನು ಹಕ್ಕುಪತ್ರಕ್ಕೆ ಅರ್ಜಿ ಹಾಕಿದನು. ಡಿಸೆಂಬರ್ 7ರಂದು ಅದು ಮಂಜೂರಾಯಿತು. ಬೆಲ್‌ಫಾಸ್ಟಿನ ಎಡ್ಲಿನ್ ಕಂಪೆನಿಯವರು ಈ ಟೈರುಗಳಿಗೆ ಹೊಂದುವ ಬೈಸಿಕಲ್ಲುಗಳನ್ನು ಮಾಡತೊಡಗಿದರು. ಕಂಡವರು ನಕ್ಕರು. ಬೆರಳ ಗಾತ್ರದ ರಬ್ಬರು ಬಳೆಗಳನ್ನು ನೋಡಿ ಅಭ್ಯಾಸವಾದ ಕಣ್ಣಿಗೆ ಈ ಊದಿಕೊಂಡ ಗಾಲಿಗಳು ಹಾಸ್ಯಾಸ್ಪದವಾಗಿ ಕಂಡುವು. ಕೊಂಡುಕೊಂಡವರಲ್ಲಿ ಮೊದಲಿಗನು ಬೆಲ್‌ಫಾಸ್ಟ್ ಕ್ರೂಸರ್ಸ್ ಸಂಘದ ನಾಯಕ ವಿಲ್ಲಿ ಹ್ಯೂಮ್ ಎಂಬ ಸವಾರ. 1889ರ ಮೇ 18ರಂದು ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನ ಆಟದ ಬಯಲಿನಲ್ಲಿ ನಡೆದ ಪಂದ್ಯಗಳಲ್ಲಿ ಆತನು ಈ ಟೈರಿನ ಬೈಸಿಕಲ್ಲನ್ನು ಏರಿ ನಾಲ್ಕಕ್ಕೆ ನಾಲ್ಕನ್ನೂ ಗೆದ್ದನು. ನಕ್ಕವರು ಬಾಯಿ ಮುಚ್ಚಿಕೊಂಡರು. ಸ್ವಲ್ಪ ದಿನಗಳ ಮೇಲೆ ಲಿವರ್‌ಪೂಲಿನಲ್ಲಿ ಒಂದನ್ನು ಬಿಟ್ಟು ಮಿಕ್ಕವನ್ನೆಲ್ಲ ಗೆದ್ದನು. ಕಾಲೇಜಿನ ಆಟದ ಮೈದಾನವೊಂದು ಪ್ರಪಂಚದ ರಸ್ತೆಗಳ ಹಣೆಬರಹವನ್ನು ಬದಲಾಯಿಸಿತೆಂಬುದನ್ನು ಕಾಲೇಜಿನ ಪತ್ರಿಕೆಯಲ್ಲಿ ಹೇಳುವಾಗ ಕೊಂಚ ಹೆಮ್ಮೆಪಟ್ಟರೆ ತಪ್ಪಲ್ಲ. ಇಲ್ಲಿಯೂ ಶಂಕೆಗೆ ಎಡೆ ಇಲ್ಲದಿಲ್ಲ: ಗೆದ್ದದ್ದು ಟೈರೋ ಸವಾರನೋ? ಆ ಶಂಕೆಯನ್ನು ಕಾಲವೇ ಬಗೆಹರಿಸಿತು. ಬೇರೆ ಬೇರೆ ಸವಾರರು ಬೇರೆ ಬೇರೆ ಊರುಗಳಲ್ಲಿ ಅದೇ ಟೈರಿನಿಂದ ಗೆದ್ದರು. ಕೆಲವೇ ವರ್ಷಗಳಲ್ಲಿ ಪಂದ್ಯದ ಕಣದಿಂದ ಗಟ್ಟಿ ಟೈರು ಮಾಯವಾಯಿತು.

ಬೆಲ್‌ಫಾಸ್ಟಿನ ಪಂದ್ಯದಲ್ಲಿ ಸೋತವರಲ್ಲಿ ಹಾರ್ವೆ ಡು ಕ್ರಾಸ್ ಎಂಬ ಡಬ್ಲಿನ್ನಿನ ವ್ಯವಹಾರಸ್ಥನ ಮಕ್ಕಳಿದ್ದರು. ತಂದೆಯು ಐರಿಷ್ ಬೈಸಿಕಲ್ ಸವಾರರ ಸಂಘದ ಅಧ್ಯಕ್ಷ. ಮಕ್ಕಳ ಸೋಲಿನಿಂದ ಸಿಟ್ಟಾಗುವುದಕ್ಕೆ ಬದಲಾಗಿ ಆತನು ಗೆದ್ದ ಗಾಲಿಯನ್ನು ನೋಡಿದನು. ಅದೇ ವರ್ಷ ಡಬ್ಲಿನ್ನಿನಲ್ಲಿ ಕಂಪೆನಿ ಹುಟ್ಟಿತು. ಡನ್‌ಲಪ್ಪನು ತನ್ನ ಹಕ್ಕುಪತ್ರವನ್ನು ಅದಕ್ಕೆ ಒಪ್ಪಿಸಿ ಪಾಲುಗಳನ್ನು ಪಡೆದನು. ತರುವಾಯ ಚಿಕಿತ್ಸಾಲಯವನ್ನು ಬಿಟ್ಟು, 1892ರಲ್ಲಿ ಸಂಸಾರಸಮೇತ ಡಬ್ಲಿನ್ನಿಗೆ ಬಂದು ನೆಲಸಿದನು. ಐವತ್ತು ವರ್ಷ ದಾಟಿದ ಗೃಹಸ್ಥನೊಬ್ಬನು ಸುಸ್ಥಿರವಾದ ವೃತ್ತಿಯನ್ನು ಬಿಟ್ಟು ಇಂಥ ಹೊಸ ಸಾಹಸಕ್ಕೆ ಕೈಹಾಕಬೇಕಾದರೆ ತನ್ನ ಶೋಧದ ಮೇಲೆ ಎಷ್ಟು ಭರವಸೆ ಇರಬೇಕು!

ಆ ವೇಳೆಗೆ ಪೆಟ್ಟು ಬಿದ್ದಾಗಿತ್ತು. 1890ರಲ್ಲಿ ಡನ್‌ಲಪ್ಪನಿಗೆ ಅಧಿಕೃತವಾಗಿ ತಿಳಿಯಬಂದುದೇನೆಂದರೆ, ಆತನ ಹಕ್ಕುಪತ್ರ ಸಿಂಧುವಲ್ಲ. ಗಾಳಿಯ ಗಾಲಿಗೆ ನಲವತ್ತು ವರ್ಷಗಳಿಗೂ ಹಿಂದೆಯೇ ಇನ್ನೊಬ್ಬನು ಹಕ್ಕುಪತ್ರ ಪಡೆದಿದ್ದನು. ಆತನೂ ಸ್ಕಾಟ್ಲೆಂಡಿನವನೇ: ಸ್ಟೋನ್‌ಹೇವನ್ ಊರಿನ ರಾಬರ್ಟ್ ವಿಲಿಯಂ ಥಾಮ್ಸನ್. 1822ರಲ್ಲಿ ಹುಟ್ಟಿದ ಥಾಮ್ಸನ್ನನು ಇಪ್ಪತ್ತಮೂರನೆಯ ವಯಸ್ಸಿನಲ್ಲಿ, 1845ರ ಡಿಸೆಂಬರಿನಲ್ಲಿ, ಈ ಹಕ್ಕನ್ನು ಪಡೆದಿದ್ದನು. ರಬ್ಬರು ಕುಡಿಸಿದ ಬಟ್ಟೆಯ ನಳಿಕೆ, ಅದರ ಮೇಲೆ ಸವೆತವನ್ನು ತಡೆಯಲು ದಪ್ಪ ತೊಗಲಿನ ಹೊದಿಕೆ, ಹೊದಿಕೆಯನ್ನು ಚಕ್ರಕ್ಕೆ ಬಿಗಿಯುವ ಬೋಲ್ಟುಗಳು. ಕುದುರೆ ಎಳೆಯುವ ಸಾರೋಟಿಗೆ ಇವನ್ನು ಹಾಕಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಜನರೆದುರು ಓಡಿಸಿ ತೋರಿಸಿದನು.

ಥಾಮ್ಸನ್ನನ ಪರೀಕ್ಷೆಯನ್ನು ಡನ್‌ಲಪ್ಪನ ಅಂಗಳದ ಪರೀಕ್ಷೆಯ ಪಕ್ಕದಲ್ಲಿಟ್ಟು ನೋಡಬೇಕು. ಆತನು ಒಂದೇ ಗಾಡಿಯನ್ನು, ಒಂದೇ ರಸ್ತೆಯಲ್ಲಿ, ಮೊದಲು ಸಾಮಾನ್ಯ ಗಾಲಿಗಳ ಮೇಲೆ, ಆಮೇಲೆ ಗಾಳಿಯ ಗಾಲಿಗಳ ಮೇಲೆ ಎಳೆಸಿ, ಎಳೆಯಲು ಬೇಕಾದ ಬಲವನ್ನು ಯಂತ್ರದಿಂದ ಅಳೆದನು. ಬದಲಾದದ್ದು ಗಾಲಿ ಮಾತ್ರ. ನುಣುಪಾದ ಕಂಕರ ರಸ್ತೆಯಲ್ಲಿ ಸಾಮಾನ್ಯ ಗಾಲಿಗೆ 45 ಪೌಂಡು ಬಲ ಬೇಕಾದರೆ ಗಾಳಿಯ ಗಾಲಿಗೆ 28 ಪೌಂಡು ಸಾಕಾಯಿತು. ಉಳಿತಾಯ ನೂರಕ್ಕೆ 38. ಹೊಸದಾಗಿ ಒಡೆದು ಸುರಿದ ಜಲ್ಲಿಯ ಮೇಲೆ ಸಾಮಾನ್ಯ ಗಾಲಿಗೆ 120 ಪೌಂಡು, ಗಾಳಿಯ ಗಾಲಿಗೆ ಮೂವತ್ತೆಂಟೂವರೆ ಪೌಂಡು. ಉಳಿತಾಯ ನೂರಕ್ಕೆ 68. ರಸ್ತೆ ಕೆಟ್ಟಷ್ಟೂ ಗಾಳಿಯ ಗಾಲಿಗೆ ಲಾಭ ಹೆಚ್ಚು ಎಂಬುದು ಈ ಅಂಕಿಗಳಿಂದ ಹೇಗೆ ಎದ್ದು ಕಾಣುತ್ತದೆ ನೋಡಿ. ಸವೆತದ ಪರೀಕ್ಷೆಯೂ ನಡೆಯಿತು: ಒಂದು ಜೊತೆ ಗಾಲಿಗಳು 1,200 ಮೈಲಿ ಓಡಿಯೂ ಕೆಡಲಿಲ್ಲ. ಪರೀಕ್ಷೆಯ ಶಿಸ್ತಿನಲ್ಲಿ ಥಾಮ್ಸನ್ನನೇ ಮೇಲೆಂದು ಒಪ್ಪದೆ ಗತಿಯಿಲ್ಲ.

ಹಾಗಾದರೆ ಥಾಮ್ಸನ್ನನ ಗಾಲಿ ಏಕೆ ಉರುಳಲಿಲ್ಲ? ಆಗ ಬೈಸಿಕಲ್ಲು ಇರಲಿಲ್ಲ, ಮೋಟಾರು ಇರಲಿಲ್ಲ. ಎಳೆಯುವುದು ಕುದುರೆ, ಕುದುರೆಗೆ ಹಗುರವಾದರೆ ಹೆಚ್ಚು ಹಣ ಕೊಟ್ಟು ಗಾಲಿ ಕೊಳ್ಳುವವರು ಯಾರು? ತನ್ನ ಕಾಲಿನಿಂದಲೇ ಗಾಡಿಯನ್ನು ತುಳಿಯುವ ಮನುಷ್ಯನು ಹುಟ್ಟಿದಮೇಲೆ ಮಾತ್ರ ಆ ನೂರಕ್ಕೆ 38ರ ಬೆಲೆ ಜನರಿಗೆ ತಿಳಿಯಿತು. ಥಾಮ್ಸನ್ನನು ತನ್ನ ಗಾಳಿಯ ಗಾಲಿಯನ್ನು ಕೈಬಿಟ್ಟು, 1867ರಲ್ಲಿ ಹಬೆಯ ಬಲದಿಂದ ರಸ್ತೆಯ ಮೇಲೆ ಓಡುವ ಎಂಜಿನುಗಳಿಗೆ ದಪ್ಪನೆಯ ಗಟ್ಟಿ ರಬ್ಬರು ಟೈರುಗಳನ್ನು ತೊಡಿಸಿದನು. ಅಲ್ಲಿ ಮುಖ್ಯ ಪ್ರಶ್ನೆ ಹಿಡಿತದ್ದು: ಕಬ್ಬಿಣದ ಗಾಲಿ ರಸ್ತೆಯನ್ನು ಕೆರೆದುಹಾಕುತ್ತಿದ್ದಿತು, ಇಲ್ಲವೆ ಜಾರಿ ತಿರುಗುತ್ತಿದ್ದಿತು, ರಬ್ಬರು ನೆಲವನ್ನು ಹಿಡಿದು ಎಳೆಯಿತು. ಕ್ರಾಂಪ್ಟನ್ ಎಂಬ ಇಂಗ್ಲಿಷ್ ಸೇನಾಧಿಕಾರಿಯು 1870ರ ದಶಕದ ಮೊದಲಲ್ಲಿ ಈ ಬಗೆಯ ಎಂಜಿನುಗಳನ್ನು ಪಂಜಾಬಿನ ರಸ್ತೆಗಳಿಗೆ ತಂದು ಓಡಿಸಿದನು. ಅವಕ್ಕೆ ರಾವೀ, ಚೀನಾಬ್ ಎಂದು ನದಿಗಳ ಹೆಸರು. ಥಾಮ್ಸನ್ನನು 1873ರಲ್ಲಿ ಕಾಲವಾದನು. ಬೆಲ್‌ಫಾಸ್ಟಿನ ಅಂಗಳದಲ್ಲಿ ಹಲಗೆ ಉರುಳುವುದಕ್ಕೆ ಇನ್ನೂ ಹದಿನಾಲ್ಕು ವರ್ಷಗಳಿದ್ದುವು.

ತಾನು ಥಾಮ್ಸನ್ನನ ಹೆಸರನ್ನೇ ಕೇಳದೆ, ಸ್ವತಂತ್ರವಾಗಿ ಈ ಉಪಾಯವನ್ನು ಕಂಡುಕೊಂಡೆನೆಂಬುದು ಡನ್‌ಲಪ್ಪನ ನಿಲುವು. ಅದನ್ನು ನಂಬದಿರಲು ಕಾರಣವಿಲ್ಲ. ಹಲಗೆಗೆ ಮೊಳೆ ಜಡಿದವನ ಕೆಲಸದಲ್ಲಿ ಬೇರೆಯವರ ನಕಲಿನ ಛಾಯೆ ಕಾಣುವುದಿಲ್ಲ. ಆದರೆ ಕಾನೂನಿಗೆ ಪ್ರಾಮಾಣಿಕತೆಯಲ್ಲ, ದಿನಾಂಕವೇ ಮುಖ್ಯ. ಹಕ್ಕುಪತ್ರ ಬಿದ್ದುಹೋದಮೇಲೆ ಕಂಪೆನಿಯು ಉಳಿದದ್ದು ಬೇರೆಯವರ ಬುದ್ಧಿಯಿಂದ. ಡನ್‌ಲಪ್ಪನ ಟೈರನ್ನು ಚಕ್ರಕ್ಕೆ ಅಂಟಿಸಿಬಿಡುತ್ತಿದ್ದರು. ಮುಳ್ಳು ಚುಚ್ಚಿದರೆ ಬಿಚ್ಚಿ ತೇಪೆ ಹಾಕುವುದು ದೊಡ್ಡ ಹಿಂಸೆ. 1890ರಲ್ಲಿ ವೆಲ್ಚ್ ಎಂಬಾತನು ಟೈರಿನ ಅಂಚಿನಲ್ಲಿ ತಂತಿ ಸೇರಿಸಿ, ಬಾರ್ಟ್‌ಲೆಟ್ ಎಂಬಾತನು ಅಂಚನ್ನೇ ಕೊಕ್ಕೆಯಂತೆ ಮಡಿಸಿ, ಬಿಚ್ಚಿ ಹಾಕಬಹುದಾದ ಟೈರುಗಳನ್ನು ಮಾಡಿದರು. ಡು ಕ್ರಾಸನು ಈ ಎರಡು ಹಕ್ಕುಗಳನ್ನೂ ಕೊಂಡುಬಿಟ್ಟನು. ಇಂದು ಯಾವುದೇ ತಾಲ್ಲೂಕಿನ ಬಸ್ ನಿಲ್ದಾಣದ ಪಕ್ಕದಲ್ಲಿ ಪಂಕ್ಚರ್ ಅಂಗಡಿಯ ಹುಡುಗನು ಎರಡು ಪಟ್ಟಿಗಳಿಂದ ಟೈರನ್ನು ಮೀಟಿ, ಟ್ಯೂಬನ್ನು ಹೊರಗೆಳೆದು, ನೀರಿನ ಬಾನಿಯಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಾನಲ್ಲ, ಆ ಕ್ಷಣದಲ್ಲಿ ಅವನ ಕೈಗೆ ಉಪಕಾರ ಮಾಡಿದವನು ಡನ್‌ಲಪ್ಪನಲ್ಲ, ವೆಲ್ಚನು.

ಕಂಪೆನಿಯ ಆಡಳಿತದಲ್ಲಿ ಡನ್‌ಲಪ್ಪನಿಗೂ ಡು ಕ್ರಾಸನಿಗೂ ಹೊಂದಿಕೆಯಾಗಲಿಲ್ಲ. 1895ರಲ್ಲಿ ಡನ್‌ಲಪ್ಪನು ರಾಜೀನಾಮೆ ಕೊಟ್ಟು ಹೊರಬಂದನು. ಮರುವರ್ಷವೇ ಕಂಪೆನಿಯನ್ನು ಹೂಲಿ ಎಂಬ ಬಂಡವಾಳಗಾರನು 30 ಲಕ್ಷ ಪೌಂಡಿಗೆ ಕೊಂಡು, 50 ಲಕ್ಷ ಪೌಂಡಿನ ಬಂಡವಾಳದಲ್ಲಿ ಮತ್ತೆ ಮಾರುಕಟ್ಟೆಗೆ ಬಿಟ್ಟನು. ಆ ಹೊಳೆಯಲ್ಲಿ ಡನ್‌ಲಪ್ಪನ ಬೊಗಸೆಗೆ ಬಂದದ್ದು ಅಲ್ಪವೇ. ಆದರೆ ಹೆಸರು ಮಾತ್ರ ಕಂಪೆನಿಯ ಹಣೆಯ ಮೇಲೆ ಉಳಿಯಿತು; ಆತನ ಗಡ್ಡದ ಮುಖವು ಅದರ ಮುದ್ರೆಯಾಯಿತು. ಬಿಟ್ಟುಬಂದ ಮನೆಯ ಬಾಗಿಲಲ್ಲಿ ತನ್ನದೇ ಚಿತ್ರ ತೂಗುತ್ತಿರುವುದನ್ನು ಇಪ್ಪತ್ತೈದು ವರ್ಷ ನೋಡುತ್ತ ಬದುಕಿದ ಮನುಷ್ಯನ ಮನಸ್ಸು ಹೇಗಿದ್ದಿರಬಹುದೆಂಬುದನ್ನು ಓದುಗರೇ ಊಹಿಸಿಕೊಳ್ಳಲಿ.

ಇತ್ತ ಟೈರಿನ ಕಥೆ ಮುಂದುವರಿಯಿತು. 1895ರಲ್ಲಿ ಫ್ರಾನ್ಸಿನ ಮಿಷಲಿನ್ ಸಹೋದರರು ಪ್ಯಾರಿಸ್ಸಿನಿಂದ ಬೋರ್ಡೊಗೆ ಹೋಗಿಬರುವ ಪಂದ್ಯದಲ್ಲಿ ಮೋಟಾರು ಗಾಡಿಗೆ ಗಾಳಿಯ ಟೈರು ಹಾಕಿ ಓಡಿಸಿದರು. ದಾರಿಯುದ್ದಕ್ಕೂ ಪಂಕ್ಚರುಗಳು, ಗಡುವು ಮೀರಿ ತಲುಪಿದರು, ಆದರೂ ತಲುಪಿದರು. ಮೋಟಾರಿನ ವೇಗ ಹೆಚ್ಚಿದಂತೆ ಬೈಸಿಕಲ್ಲಿನಲ್ಲಿ ಅಷ್ಟಾಗಿ ಕಾಣದಿದ್ದ ದೋಷವೊಂದು ಬಯಲಿಗೆ ಬಂದಿತು. ಆಗಿನ ಟೈರುಗಳ ಮೈ ನುಣುಪು. ಒಣ ನೆಲದಲ್ಲಿ ಅದಕ್ಕಿಂತ ಒಳ್ಳೆಯ ಹಿಡಿತ ಇನ್ನಿಲ್ಲ. ಗಾಳಿಯ ಟೈರು ಗಟ್ಟಿ ಟೈರಿನಂತೆ ನೆಲದಿಂದ ನೆಗೆಯದೆ ಸದಾ ಅಪ್ಪಿಕೊಂಡೇ ಇರುತ್ತದೆ. ಆದರೆ ಒದ್ದೆ ಕೆಸರಿನ ಮೇಲೆ ರಬ್ಬರಿಗೂ ನೆಲಕ್ಕೂ ನಡುವೆ ತೆಳ್ಳನೆಯ ನೀರಿನ ಪದರ ನಿಂತು, ಗಾಡಿ ಪಕ್ಕಕ್ಕೆ ಜಾರುತ್ತದೆ. ಇದಕ್ಕೆ ಪರಿಹಾರವೆಂದು ಉಕ್ಕಿನ ಮೊಳೆ ಹೊಡೆದ ತೊಗಲಿನ ಪಟ್ಟಿಗಳನ್ನು ಟೈರಿನ ಮೇಲೆ ಬಿಗಿದರು. ಲಾಳದ ಯುಕ್ತಿಯೇ ಮತ್ತೆ! ಆಮೇಲೆ ಟೈರಿನ ಮೈಯಲ್ಲಿಯೇ ಗೆರೆ, ತೋಡುಗಳನ್ನು ಕೊರೆದು ನೀರು ಹರಿದುಹೋಗಲು ದಾರಿ ಮಾಡಿದರು.

ಸವೆತದ ಪ್ರಶ್ನೆಗೆ ಉತ್ತರ ಅನಿರೀಕ್ಷಿತವಾದ ಮೂಲೆಯಿಂದ ಬಂದಿತು. ಆಗಿನ ಟೈರುಗಳು ಕಪ್ಪಾಗಿರಲಿಲ್ಲ, ಬಿಳಿಚಾಗಿದ್ದುವು; 1898ರಲ್ಲಿ ಹುಟ್ಟಿದ ಮಿಷಲಿನ್ ಕಂಪೆನಿಯ ಟೈರಿನ ಬೊಂಬೆ ಬೆಳ್ಳಗಿರುವುದು ಆ ಕಾರಣಕ್ಕೆ. 1904ರಲ್ಲಿ ಲಂಡನ್ನಿನ ಸಿಲ್ವರ್‌ಟೌನ್ ಕಾರ್ಖಾನೆಯಲ್ಲಿ ರಬ್ಬರಿಗೆ ನಯವಾದ ಮಸಿಯನ್ನು ಸೇರಿಸಿದರೆ ಅದರ ಬಲ ಬಹಳ ಹೆಚ್ಚುವುದೆಂದು ಕಂಡಿತು. ಮುಂದಿನ ದಶಕದಲ್ಲಿ ಅಮೆರಿಕದ ಟೈರು ತಯಾರಕರು ಅದನ್ನು ಬಳಕೆಗೆ ತಂದರು. ಟೈರಿನ ಆಯುಷ್ಯ ಹಲವು ಪಟ್ಟು ಬೆಳೆಯಿತು. ಪ್ರಪಂಚದ ಟೈರುಗಳೆಲ್ಲ ಕಪ್ಪಾದುವು.

ಆದರೂ ಆ ಹಳೆಯ ಜಗಳ ತೀರಲಿಲ್ಲ. ರಬ್ಬರು ನೆಲದ ಉಬ್ಬುತಗ್ಗುಗಳಿಗೆ ತಕ್ಕಂತೆ ಬಾಗಿ, ಹಿಂದಿರುಗುವಾಗ ಸ್ವಲ್ಪ ಸೋಮಾರಿಯಾಗಿ ಹಿಂದಿರುಗಿದರೆ ಹಿಡಿತ ಚೆನ್ನ. ಆದರೆ ಆ ಸೋಮಾರಿತನದಲ್ಲಿಯೇ ಶಕ್ತಿ ಶಾಖವಾಗಿ ಪೋಲಾಗಿ ಗಾಡಿ ಭಾರವಾಗಿ ಉರುಳುತ್ತದೆ. ಚುರುಕಾಗಿ ಹಿಂದಿರುಗಿದರೆ ಹಗುರ, ಒದ್ದೆಯಲ್ಲಿ ಜಾರುತ್ತದೆ. ಮೆದುವಾದುದು ಹಿಡಿಯುತ್ತದೆ, ಸವೆಯುತ್ತದೆ. ಒಂದನ್ನು ಎಳೆದರೆ ಇನ್ನೊಂದು ಜಗ್ಗುತ್ತದೆ. 1992ರಲ್ಲಿ ಮಿಷಲಿನ್ನಿನವರು ಮಸಿಯ ಬಹುಪಾಲಿಗೆ ಬದಲಾಗಿ ಸಿಲಿಕವನ್ನು ಬೆರೆಸಿದ ಟೈರನ್ನು ಹೊರತಂದಮೇಲೆ ಈ ಜಗ್ಗಾಟ ಕೊಂಚ ಸಡಿಲಿತು, ಅಷ್ಟೆ. ಪಂದ್ಯದ ಸವಾರರು ಟೈರಿನ ಮೈಗೆ ದ್ರಾವಣ ಸವರಿ ಮೆದುವಾಗಿಸುವುದುಂಟು. ಅಂಗಡಿಗಳಲ್ಲಿ ಟೈರಿಗೆ ಮಿರುಗು ಕೊಡುವ ಎಣ್ಣೆಗಳೂ ಸಿಗುತ್ತವೆ. ಪಕ್ಕದ ಗೋಡೆಗೆ ಸವರಬೇಕಾದ ಈ ಮಿರುಗೆಣ್ಣೆಯನ್ನು ನೆಲಕ್ಕೆ ತಾಗುವ ಮೈಗೆ ಬಳಿದರೆ ಹಿಡಿತವೇ ಹೋಗಿ ಅಪಾಯವಾದೀತು. ಇಂಥ ಯಾವುದೇ ಸಂಸ್ಕಾರವನ್ನು ಮೆಚ್ಚುವ ಮೊದಲು ಕೇಳಬೇಕಾದುದು ಥಾಮ್ಸನ್ನನ ಪ್ರಶ್ನೆಯೇ: ಒಂದೇ ಗಾಡಿ, ಒಂದೇ ರಸ್ತೆ, ಒಂದೇ ಭಾರ, ಒಂದೇ ವೇಗ ಇದ್ದುವೇ? ಸವರಿದ್ದು, ಸವರದಿದ್ದುದು ಎರಡನ್ನೂ ಓಡಿಸಿದರೇ? ಒಣ ನೆಲದಲ್ಲೂ ಒದ್ದೆ ನೆಲದಲ್ಲೂ ನೋಡಿದರೇ? ಎಡಬಲಗಳನ್ನು ಅದಲುಬದಲು ಮಾಡಿ, ತೋಡಿನ ಆಳವನ್ನು ಮೊದಲೂ ಕೊನೆಗೂ ಅಳೆದರೇ? ಹಿಡಿತ ಹೆಚ್ಚಿತೆನ್ನುವವನು ಸವೆತದ ಲೆಕ್ಕವನ್ನೂ ಒಪ್ಪಿಸಬೇಕು.

ಇನ್ನೊಂದು ಲೆಕ್ಕವುಂಟು, ಟೈರಿನ ಚರಿತ್ರೆಯಲ್ಲಿ ಅದನ್ನು ಹೇಳದೆ ಬಿಡುವುದು ನ್ಯಾಯವಲ್ಲ. ಬೈಸಿಕಲ್ಲಿನ ಹುಚ್ಚು ಯೂರೋಪು ಅಮೆರಿಕಗಳನ್ನು ಹಿಡಿದಾಗ ರಬ್ಬರಿನ ಬೆಲೆ ಏರಿತು. ತೋಟದ ರಬ್ಬರು ಆಗಿನ್ನೂ ಬಂದಿರಲಿಲ್ಲ. ವಿಕ್‌ಹ್ಯಾಮನು 1876ರಲ್ಲಿ ಬ್ರೆಜಿಲ್ಲಿನಿಂದ ಲಂಡನ್ನಿಗೆ ತಂದ ಬೀಜಗಳ ಸಂತತಿ ಸಿಂಹಳ, ಮಲಯಗಳಲ್ಲಿ ಇನ್ನೂ ಬೆಳೆಯಬೇಕಾಗಿದ್ದಿತು. ಕಾಡಿನ ರಬ್ಬರೇ ಗತಿ. ಬೆಲ್ಜಿಯಮ್ಮಿನ ದೊರೆ ಲಿಯೋಪೋಲ್ಡನ ಕೈಯಲ್ಲಿದ್ದ ಕಾಂಗೋ ನಾಡಿನಲ್ಲಿ ಹಳ್ಳಿಹಳ್ಳಿಗೂ ಇಷ್ಟು ರಬ್ಬರು ತರಬೇಕೆಂದು ಕಟ್ಟಳೆ ವಿಧಿಸಿ, ತಾರದವರನ್ನು ಹೊಡೆದರು, ಕೊಂದರು, ಕೈ ಕತ್ತರಿಸಿದರು. ಆ ಘೋರವನ್ನು ತನಿಖೆ ಮಾಡಿ 1904ರಲ್ಲಿ ಬೆಳಕಿಗೆ ಬಂದ ವರದಿಯನ್ನು ಬರೆದವನು ರಾಜರ್ ಕೇಸ್‌ಮೆಂಟ್. ಆತನು ಹುಟ್ಟಿದ್ದು ಡಬ್ಲಿನ್ನಿನ ಹತ್ತಿರ. ಅದೇ ನಗರದಲ್ಲಿ ಆಗ ಡನ್‌ಲಪ್ಪನೂ ವಾಸವಾಗಿದ್ದನು. ಮಗನ ಬೆನ್ನಿಗೆ ಬೀಳುವ ಪೆಟ್ಟನ್ನು ತಪ್ಪಿಸಲು ಹೊರಟ ತಂದೆಯನ್ನು ಈ ಪಾತಕಕ್ಕೆ ಹೊಣೆ ಮಾಡುವುದು ಸಲ್ಲದು. ಆದರೆ ಗಾಲಿಯ ಮೆತ್ತನೆಗೆ ಬೆಲೆ ತೆತ್ತವರು ಯಾರೆಂಬುದು ಗೊತ್ತಿರಬೇಕು.

ಡನ್‌ಲಪ್ಪನ ಕೊನೆಯ ವರ್ಷಗಳು ನಿಶ್ಶಬ್ದವಾಗಿ ಕಳೆದುವು. ಡಬ್ಲಿನ್ನಿನ ಬಟ್ಟೆ ವ್ಯಾಪಾರದ ಸಂಸ್ಥೆಯೊಂದರ ಆಡಳಿತದಲ್ಲಿ ತೊಡಗಿದ್ದನು. ಟೈರಿನ ಪ್ರಪಂಚದಿಂದ ದೂರವೇ ಉಳಿದನು. ಆದರೆ ಮನಸ್ಸು ಅಲ್ಲಿಂದ ಪೂರ್ತಿ ಬಿಡಿಸಿಕೊಂಡಿರಲಿಲ್ಲ. ಗಾಳಿಯ ಟೈರಿನ ಚರಿತ್ರೆಯನ್ನು ತಾನೇ ಬರೆಯುತ್ತಿದ್ದನು. ಅಂಗಳದ ಹಲಗೆ, ರಾತ್ರಿಯ ಸವಾರಿ, ಲಿನನ್ ಬಟ್ಟೆ, ಎಲ್ಲದರ ವಿವರವೂ ಅದರಲ್ಲಿ ಬರಬೇಕಾಗಿದ್ದಿತು. 1921ರ ಅಕ್ಟೋಬರಿನಲ್ಲಿ ಶೀತ ತಗುಲಿತು; ನಾಜೂಕೆಂದು ಎಂಬತ್ತೊಂದು ವರ್ಷ ಕಾಪಾಡಿಕೊಂಡು ಬಂದ ದೇಹವು ಅಕ್ಟೋಬರ್ 23ರಂದು ಡಬ್ಲಿನ್ನಿನ ಮನೆಯಲ್ಲಿ ಬಿದ್ದುಹೋಯಿತು. ಡೀನ್ಸ್ ಗ್ರೇಂಜ್ ಸ್ಮಶಾನದಲ್ಲಿ ಆತನನ್ನು ಮಣ್ಣು ಮಾಡಿದರು. ಬರೆದಿಟ್ಟಿದ್ದುದನ್ನು ಮಗಳು ಸರಿಪಡಿಸಿ 1924ರಲ್ಲಿ ಪುಸ್ತಕವಾಗಿ ಹೊರತಂದಳು.

ನಮ್ಮ ದೇಶದಲ್ಲಿ ಆತನ ಹೆಸರಿನ ಕಾರ್ಖಾನೆ 1936ರಲ್ಲಿ ಬಂಗಾಳದ ಸಾಹಾಗಂಜಿನಲ್ಲಿ ಎದ್ದಿತು. ಬಹುಕಾಲ ನಡೆದು ಈಗ ಮುಚ್ಚಿಹೋಗಿದೆ. ಉತ್ತರ ಐರ್ಲೆಂಡಿನ ಬ್ಯಾಂಕೊಂದು ತನ್ನ ಹತ್ತು ಪೌಂಡಿನ ನೋಟಿನ ಮೇಲೆ ಆತನ ಗಡ್ಡದ ಮುಖವನ್ನು ಅಚ್ಚು ಹಾಕಿತು. ಥಾಮ್ಸನ್ನನ ಹುಟ್ಟೂರಾದ ಸ್ಟೋನ್‌ಹೇವನ್ನಿನಲ್ಲಿ ಆತನ ಸ್ಮರಣಾರ್ಥವಾಗಿ ಹಳೆಯ ಮೋಟಾರುಗಳ ಮೆರವಣಿಗೆ ನಡೆಸುವ ಸಂಪ್ರದಾಯವಿದೆ. ಡನ್‌ಲಪ್ಪನು ಮೊದಲು ಮಾಡಿದ ಬೈಸಿಕಲ್ ಟೈರು ಎಡಿನ್‌ಬರೊ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಆತನು ಹುಡುಗನಾಗಿ ಪಶುವೈದ್ಯವನ್ನು ಕಲಿತ ಊರು ಅದೇ.